ಕೆನ್ಯಾದ ಅಧ್ಯಕ್ಷರು ಮಂಗಳವಾರವೇ ಪ್ರಮಾಣವಚನ ತೆಗೆದುಕೊಳ್ಳುವುದು ಯಾಕೆ?

ಪ್ರಶ್ನೆ: ನನ್ನ ಮಗ ನೈರೋಬಿಯಲ್ಲಿ ಕೆಲಸಕ್ಕಿದ್ದಾನೆ. 2027ರ ಆಗಸ್ಟ್‌ನಲ್ಲಿ ಅಲ್ಲಿ ಅಧ್ಯಕ್ಷರ ಚುನಾವಣೆ. ಗೆದ್ದವರ ಹೆಸರು ಹೇಳಿದ ಮೇಲೂ ಹೊಸ ಅಧ್ಯಕ್ಷರು ವಾರಗಟ್ಟಲೆ ಕಾಯಬೇಕಂತೆ. ಆಮೇಲೆ ಮಂಗಳವಾರವೇ, ಸ್ಟೇಡಿಯಂನಲ್ಲೇ ಪ್ರಮಾಣವಚನ ಆಗಬೇಕಂತೆ. ನಮ್ಮ ಕಡೆ ಮಂಗಳವಾರ ಯಾರೂ ಹೊಸ ಕೆಲಸಕ್ಕೆ ಕೈ ಹಾಕುವುದಿಲ್ಲ. ಇದು ಅಲ್ಲಿನ ಸಂಪ್ರದಾಯವೋ, ಕಾನೂನೋ? ಅಷ್ಟು ದಿನ ದೇಶ ನಡೆಸುವವರು ಯಾರು? ಆ ಸಮಯದಲ್ಲಿ ಗಲಾಟೆ ಆಗುತ್ತದೆ ಎಂದೂ ಕೇಳಿದ್ದೇನೆ. ಮನಸ್ಸಿಗೆ ಕಳವಳ. ಸ್ವಲ್ಪ ಬಿಡಿಸಿ ಹೇಳುತ್ತೀರಾ? (ಧಾರವಾಡದ ಓದುಗರೊಬ್ಬರು)

ಉತ್ತರ: ಸಂಪ್ರದಾಯವಲ್ಲ, ಕಾನೂನು. 2010ರಲ್ಲಿ ಜಾರಿಗೆ ಬಂದ ಕೆನ್ಯಾದ ಸಂವಿಧಾನದ 141ನೇ ವಿಧಿಯಲ್ಲಿ ಮಂಗಳವಾರ ಎಂಬ ಪದವೇ ಇದೆ. ಆದರೆ ಸ್ಟೇಡಿಯಂ ಎಂಬ ಪದ ಇಲ್ಲ. ಪ್ರಮಾಣವಚನ ಜನರ ಎದುರಿಗೆ ಆಗಬೇಕು, ಮುಖ್ಯ ನ್ಯಾಯಮೂರ್ತಿಗಳ ಮುಂದೆ ಆಗಬೇಕು ಎಂದಷ್ಟೇ ಇದೆ. ಜನರ ಎದುರಿಗೆ ಅಂದ ಮೇಲೆ ಅಷ್ಟು ಜನ ಹಿಡಿಸುವ ಜಾಗ ಬೇಕಲ್ವಾ? ಹಾಗಾಗಿ ಸ್ಟೇಡಿಯಂ.

ಒಂದು ದೇಶದ ಸಂವಿಧಾನದಲ್ಲಿ ವಾರದ ಹೆಸರನ್ನೂ ಬರೆದಿಡಬೇಕಾಗಿ ಬಂದದ್ದು ಯಾಕೆ? ನಾನು ಪೂರ್ವ ಆಫ್ರಿಕಾದ ರಾಜಕೀಯವನ್ನು ಬಹಳ ವರ್ಷ ಪಾಠ ಮಾಡಿದವನು. ಈ ಪ್ರಶ್ನೆ ಕೇಳಿದವರಿಗೆಲ್ಲ ಎರಡು ದಿನಗಳ ಕತೆ ಹೇಳುತ್ತೇನೆ. ಎರಡೂ ಡಿಸೆಂಬರ್ 30. ಎರಡೂ ದಿನ ಪ್ರಮಾಣವಚನ ತೆಗೆದುಕೊಂಡವರು ಒಬ್ಬರೇ, ಮ್ವಾಯಿ ಕಿಬಾಕಿ. ನಡುವೆ ಸರಿಯಾಗಿ ಐದು ವರ್ಷ.

ಮೊದಲನೆಯದು 2002ರ ಡಿಸೆಂಬರ್ 30. ಜಾಗ ನೈರೋಬಿಯ ಉಹುರು ಪಾರ್ಕ್. ಸ್ವಾಹಿಲಿಯಲ್ಲಿ ಉಹುರು ಎಂದರೆ ಸ್ವಾತಂತ್ರ್ಯ. ಡೇನಿಯಲ್ ಅರಪ್ ಮೊಯ್ ಅವರು 24 ವರ್ಷ ಅಧ್ಯಕ್ಷರಾಗಿದ್ದವರು. ಅವರ ಕಾನು ಪಕ್ಷ ಸ್ವಾತಂತ್ರ್ಯ ಬಂದಾಗಿನಿಂದ, ಅಂದರೆ ಸುಮಾರು 40 ವರ್ಷ, ಅಧಿಕಾರದಲ್ಲಿತ್ತು. ಆ ಪಕ್ಷ ಮೊದಲ ಸಲ ಸೋತಿತ್ತು. ಲಕ್ಷಗಟ್ಟಲೆ ಜನ ಬಂದಿದ್ದರು. ಮರ ಹತ್ತಿ ಕೂತವರೂ ಇದ್ದರು. ಹೊಸ ಅಧ್ಯಕ್ಷರು ಬಂದದ್ದು ಗಾಲಿಕುರ್ಚಿಯಲ್ಲಿ. ಪ್ರಚಾರದ ನಡುವೆ ಆ ತಿಂಗಳ ಮೊದಲ ವಾರ ಕಿಬಾಕಿ ಅವರ ಕಾರು ಅಪಘಾತಕ್ಕೆ ಸಿಕ್ಕಿತ್ತು. ಕಾಲಿಗೆ ಪ್ಲಾಸ್ಟರ್ ಹಾಕಿದ್ದರು. ಅವರು ಆಸ್ಪತ್ರೆಯಲ್ಲಿದ್ದಾಗ ಊರೂರು ಸುತ್ತಿ ಅವರಿಗಾಗಿ ಮತ ಕೇಳಿದವರು ರೈಲಾ ಒಡಿಂಗಾ. 'ಕಿಬಾಕಿ ತೋಷಾ' ಎನ್ನುವ ಅವರ ಮಾತು ಆಗ ಮನೆಮಾತಾಗಿತ್ತು. ಕಿಬಾಕಿ ಸಾಕು, ಅವರೇ ತಕ್ಕವರು ಎಂದು ಅದರ ಅರ್ಥ.

ಆ ದಿನ ಎಲ್ಲವೂ ಚೆಂದ ನಡೆಯಿತು ಎಂದಲ್ಲ. ಹೊರಟು ನಿಂತ ಮೊಯ್ ಅವರನ್ನು ಜನ ಕೂಗಿ ಗೇಲಿ ಮಾಡಿದರು, ಅವರ ವಾಹನಗಳ ಮೇಲೆ ಮಣ್ಣು ಎರಚಿದರು. ಪಕ್ಕದಲ್ಲೇ ಮೊಯ್ ಕೂತಿರುವಾಗ ಕಿಬಾಕಿ ತಮ್ಮ ಭಾಷಣದಲ್ಲಿ, ವರ್ಷಗಳ ಕೆಟ್ಟ ಆಡಳಿತದಿಂದ ಹಾಳಾದ ದೇಶ ತಮ್ಮ ಕೈಗೆ ಬಂದಿದೆ ಎಂದರು. ಆದರೂ ಮೊಯ್ ಎದ್ದು ಹೋಗಲಿಲ್ಲ. ಅಧಿಕಾರ ಒಪ್ಪಿಸಿ ಮನೆಗೆ ಹೋದರು. ಹಗಲು ಹೊತ್ತಿನಲ್ಲಿ, ಎಲ್ಲರ ಕಣ್ಣೆದುರು ಒಂದು ಪಕ್ಷ ಇಳಿದು ಇನ್ನೊಂದು ಏರಿತು. ಆ ದಿನದ ಬೆಲೆ ಕೆನ್ಯಾದವರಿಗೆ ಪೂರ್ತಿ ತಿಳಿದದ್ದು ಐದು ವರ್ಷ ಕಳೆದ ಮೇಲೆ.

ಎರಡನೆಯದು 2007ರ ಡಿಸೆಂಬರ್ 30. ಮತದಾನ ನಡೆದದ್ದು 27ಕ್ಕೆ. ಈ ಸಲ ಕಿಬಾಕಿ ಅವರ ಎದುರಾಳಿ ಅದೇ ರೈಲಾ ಒಡಿಂಗಾ. ಮೊದಮೊದಲ ಎಣಿಕೆಯಲ್ಲಿ ಒಡಿಂಗಾ ಮುಂದಿದ್ದರು. ಆಮೇಲೆ ಕೆಲವು ಕ್ಷೇತ್ರಗಳ ಲೆಕ್ಕ ಬರುವುದೇ ತಡವಾಯಿತು. ಅಂತರ ಕರಗುತ್ತಾ ಬಂತು. ಎಣಿಕೆ ಕೇಂದ್ರದಲ್ಲಿ ಕೂಗಾಟ, ತಳ್ಳಾಟ. ಕೊನೆಗೆ ಚುನಾವಣಾ ಆಯೋಗದ ಮುಖ್ಯಸ್ಥ ಸ್ಯಾಮ್ಯುಯೆಲ್ ಕಿವುಯಿಟು ಅವರನ್ನು ಒಂದು ಕೋಣೆಗೆ ಕರೆದೊಯ್ದು, ಸರ್ಕಾರಿ ಪ್ರಸಾರ ಸಂಸ್ಥೆಯ ಕ್ಯಾಮೆರಾ ಎದುರು ಮಾತ್ರ ಫಲಿತಾಂಶ ಹೇಳಿಸಲಾಯಿತು. ಕಿಬಾಕಿ ಸುಮಾರು 2 ಲಕ್ಷ 30 ಸಾವಿರ ಮತಗಳಿಂದ ಗೆದ್ದರು ಎಂದು.

ಅದಾಗಿ ಒಂದು ಗಂಟೆಯ ಆಸುಪಾಸಿನಲ್ಲಿ ಪ್ರಮಾಣವಚನ ಮುಗಿದೇ ಹೋಯಿತು. ಉಹುರು ಪಾರ್ಕ್ ಇಲ್ಲ. ಜನ ಇಲ್ಲ. ಬೇರೆ ದೇಶದ ಅತಿಥಿಗಳಿಲ್ಲ. ಕತ್ತಲು ಕವಿಯುವ ಹೊತ್ತಿನಲ್ಲಿ, ಅಧ್ಯಕ್ಷರ ನಿವಾಸದ ಹುಲ್ಲುಹಾಸಿನ ಮೇಲೆ, ಕರೆಸಿಕೊಂಡ ಒಂದಿಷ್ಟು ಮಂದಿಯ ಮುಂದೆ ಎಲ್ಲ ನಡೆಯಿತು. ನೇರ ಪ್ರಸಾರಗಳಿಗೆ ಸರ್ಕಾರ ತಡೆ ಹಾಕಿತು. ಕೆಲವೇ ದಿನಗಳಲ್ಲಿ ಕಿವುಯಿಟು ಅವರೇ, ಕಿಬಾಕಿ ಗೆದ್ದರೋ ಇಲ್ಲವೋ ತನಗೆ ಗೊತ್ತಿಲ್ಲ ಎಂದು ಪತ್ರಕರ್ತರಿಗೆ ಹೇಳಿದರು.

ಅಂದು ರಾತ್ರಿಯೇ ಬೆಂಕಿ ಹತ್ತಿತು. ಜನವರಿ 1ರಂದು ಎಲ್ಡೊರೆಟ್ ಹತ್ತಿರದ ಕಿಯಂಬಾ ಎಂಬಲ್ಲಿ ಚರ್ಚ್ ಒಳಗೆ ಆಶ್ರಯ ಪಡೆದಿದ್ದ ಹೆಂಗಸರು, ಮಕ್ಕಳು ಸೇರಿ ಮೂವತ್ತರ ಆಸುಪಾಸು ಜನ ಸುಟ್ಟು ಸತ್ತರು. ಎರಡು ತಿಂಗಳಲ್ಲಿ ಒಟ್ಟು 1,100ಕ್ಕೂ ಜಾಸ್ತಿ ಜನ ಪ್ರಾಣ ಕಳೆದುಕೊಂಡರು. ಸುಮಾರು 6 ಲಕ್ಷ ಜನ ಮನೆ ಬಿಟ್ಟು ಓಡಬೇಕಾಯಿತು. ವಿಶ್ವಸಂಸ್ಥೆಯ ಹಿಂದಿನ ಮುಖ್ಯಸ್ಥ ಕೋಫಿ ಅನ್ನಾನ್ ಬಂದು ವಾರಗಟ್ಟಲೆ ಕೂತು ಮಾತಾಡಿಸಿದ ಮೇಲೆ, 2008ರ ಫೆಬ್ರವರಿ 28ರಂದು ರಾಜಿ ಆಯಿತು. ಕಿಬಾಕಿ ಅಧ್ಯಕ್ಷ, ಒಡಿಂಗಾ ಪ್ರಧಾನಿ ಎಂದು ಅಧಿಕಾರ ಹಂಚಿಕೊಂಡರು.

ಇಷ್ಟೆಲ್ಲ ಸಾವಿಗೆ ಒಂದು ಅವಸರದ ಪ್ರಮಾಣವಚನವೇ ಕಾರಣ ಎಂದು ನಾನು ಹೇಳುವುದಿಲ್ಲ. ಭೂಮಿಯ ಜಗಳ, ಬುಡಕಟ್ಟುಗಳ ನಡುವಿನ ಹಳೆಯ ಗಾಯ, ಬಾಡಿಗೆ ಪುಂಡರ ಗುಂಪುಗಳು, ಪೊಲೀಸರ ಗುಂಡು, ಎಲ್ಲವೂ ಸೇರಿತ್ತು. ಆದರೆ ಆ ಸಂಜೆ ಒಂದು ಬಾಗಿಲು ಮುಚ್ಚಿತು. ಪ್ರಮಾಣವಚನ ಆದ ಮೇಲೆ ಲೆಕ್ಕ ಮತ್ತೆ ನೋಡಿ ಎಂದು ಕೇಳುವುದಾದರೂ ಯಾರನ್ನು? ಕೋರ್ಟ್ ಇತ್ತಲ್ಲ ಅನ್ನಬಹುದು. ಒಡಿಂಗಾ ಕೋರ್ಟಿಗೆ ಹೋಗಲು ಒಪ್ಪಲಿಲ್ಲ. ಯಾಕೆ ಎಂಬುದು ಗೊತ್ತಾಗಬೇಕಾದರೆ ಇನ್ನೂ ಸ್ವಲ್ಪ ಹಿಂದೆ ಹೋಗಬೇಕು.

1992ರ ಚುನಾವಣೆಯಲ್ಲಿ ಕೆನೆತ್ ಮಟಿಬಾ ಅವರು ಮೊಯ್ ಎದುರು ಸೋತು ದಾವೆ ಹಾಕಿದರು. ಅವರನ್ನು ಹಿಂದೆ ಮೊಯ್ ಸರ್ಕಾರವೇ ವಿಚಾರಣೆ ಇಲ್ಲದೆ ಬಂಧನದಲ್ಲಿಟ್ಟಿತ್ತು. ಅಲ್ಲಿ ಪಾರ್ಶ್ವವಾಯು ಹೊಡೆದು, ಸರಿಯಾಗಿ ಬರೆಯಲಾಗದ ಸ್ಥಿತಿಯಲ್ಲಿದ್ದರು. ಹಾಗಾಗಿ ಅವರ ಪರವಾಗಿ ಹೆಂಡತಿ ಸಹಿ ಹಾಕಿದ್ದರು. ಅರ್ಜಿದಾರ ತಾನೇ ಸಹಿ ಹಾಕಿಲ್ಲ ಎಂದು ಕೋರ್ಟ್ ಅರ್ಜಿಯನ್ನೇ ತಳ್ಳಿಹಾಕಿತು. 1997ರಲ್ಲಿ ಸೋತು ಕೋರ್ಟಿಗೆ ಹೋದವರು ಬೇರೆ ಯಾರೂ ಅಲ್ಲ, ಇದೇ ಕಿಬಾಕಿ. ಅರ್ಜಿಯ ಪ್ರತಿಯನ್ನು ಅಧ್ಯಕ್ಷ ಮೊಯ್ ಅವರ ಕೈಗೇ ಕೊಟ್ಟಿಲ್ಲ ಎಂದು 1999ರಲ್ಲಿ ಅದೂ ಬಿದ್ದುಹೋಯಿತು. ಸುತ್ತಲೂ ಕಾವಲಿರುವ ಅಧ್ಯಕ್ಷರ ಹತ್ತಿರ ಹೋಗಿ ಕಾಗದ ಕೊಡುವವರು ಯಾರು? ಮತ ಕಳುವಾಯಿತೇ, ಇಲ್ಲವೇ ಎಂಬ ಮಾತನ್ನು ಯಾವ ನ್ಯಾಯಾಧೀಶರೂ ಕೈಗೆತ್ತಿಕೊಳ್ಳಲೇ ಇಲ್ಲ. ಅಷ್ಟು ಹೊತ್ತಿಗೆ ಅಧ್ಯಕ್ಷರು ಪ್ರಮಾಣವಚನ ತೆಗೆದುಕೊಂಡು ವರ್ಷ ದಾಟಿರುತ್ತಿತ್ತು.

ಈಗ 2010ರ ಸಂವಿಧಾನವನ್ನು ತೆರೆದು ನೋಡಿ. ಒಂದೊಂದು ಸಾಲಿನ ಹಿಂದೆಯೂ ಈ ಕತೆ ಕಾಣುತ್ತದೆ.

ಫಲಿತಾಂಶ ಘೋಷಣೆಯಾದ 7 ದಿನದೊಳಗೆ ಯಾರು ಬೇಕಾದರೂ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಬಹುದು. ಸೋತ ಅಭ್ಯರ್ಥಿಯೇ ಆಗಬೇಕೆಂದಿಲ್ಲ. ಕೋರ್ಟ್ 14 ದಿನದೊಳಗೆ ತೀರ್ಪು ಕೊಡಲೇಬೇಕು. ಅರ್ಜಿ ಇಲ್ಲದಿದ್ದರೆ ಘೋಷಣೆಯಿಂದ 14ನೇ ದಿನ ಕಳೆದ ಮೇಲೆ ಬರುವ ಮೊದಲ ಮಂಗಳವಾರ ಪ್ರಮಾಣವಚನ. ಅರ್ಜಿ ಬಂದು, ಕೋರ್ಟ್ ಚುನಾವಣೆ ಸರಿಯಿದೆ ಎಂದರೆ ತೀರ್ಪಿನಿಂದ 7ನೇ ದಿನ ಕಳೆದ ಮೇಲಿನ ಮೊದಲ ಮಂಗಳವಾರ. ಆಮೇಲೆ 2012ರಲ್ಲಿ ಇದಕ್ಕಾಗಿಯೇ ಬೇರೆ ಕಾಯ್ದೆ ಬಂತು. ಸಮಾರಂಭ ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರ ಒಳಗೆ ನಡೆಯಬೇಕು ಎಂದು ಅದರಲ್ಲಿದೆ. ಗಂಟೆಯನ್ನೂ ಬರೆದಿದ್ದಾರೆ ನೋಡಿ. ಸಂಜೆ ಕತ್ತಲಲ್ಲಿ ಆಗಿದ್ದು ಇನ್ನೊಮ್ಮೆ ಆಗಬಾರದು.

ಮಂಗಳವಾರಕ್ಕೆ ಶುಭ, ಅಶುಭದ ಲೆಕ್ಕ ಏನೂ ಇಲ್ಲ. ಅಲ್ಲಿ ಮತದಾನವೂ ಆಗಸ್ಟ್ ತಿಂಗಳ ಎರಡನೇ ಮಂಗಳವಾರವೇ. ದಿನ ಯಾವುದು ಎನ್ನುವುದಕ್ಕಿಂತ, ಅದನ್ನು ಗೆದ್ದವರು ಆರಿಸುವ ಹಾಗಿಲ್ಲ ಎನ್ನುವುದು ನನಗೆ ಮುಖ್ಯವಾಗಿ ಕಾಣುತ್ತದೆ. ಒಳ್ಳೆಯ ಗಳಿಗೆ ನೋಡಿ, ಎದುರಾಳಿ ಎಚ್ಚರವಾಗುವ ಮೊದಲೇ ಮುಗಿಸಿಬಿಡೋಣ ಅನ್ನುವಂತಿಲ್ಲ. ಕ್ಯಾಲೆಂಡರ್ ಇದ್ದ ಯಾರಾದರೂ ಮನೆಯಲ್ಲೇ ಕೂತು ಲೆಕ್ಕ ಹಾಕಬಹುದು.

ನಮ್ಮಲ್ಲಿ ಕ್ರಮ ಇದಕ್ಕೆ ತಿರುಗುಮುರುಗು. ಮೊದಲು ಪ್ರಮಾಣವಚನ, ಆಮೇಲೆ ವ್ಯಾಜ್ಯ. ಚುನಾವಣಾ ತಕರಾರು ಅರ್ಜಿಗೆ ಫಲಿತಾಂಶದಿಂದ 45 ದಿನ ಸಮಯವಿದೆ, ಅಷ್ಟರಲ್ಲಿ ಗೆದ್ದವರು ಸದನದಲ್ಲಿ ಕೂತಿರುತ್ತಾರೆ. 2018ರ ಮೇ 16ರ ರಾತ್ರಿ ನಿಮಗೂ ನೆನಪಿರಬಹುದು. ಬೆಳಿಗ್ಗೆ ರಾಜಭವನದಲ್ಲಿ ಬಿ.ಎಸ್. ಯಡಿಯೂರಪ್ಪ ಅವರ ಪ್ರಮಾಣವಚನ ನಿಗದಿಯಾಗಿತ್ತು. ಅದನ್ನು ತಡೆಯಿರಿ ಎಂದು ದೆಹಲಿಯಲ್ಲಿ ನಡುರಾತ್ರಿ ಕಳೆದ ಮೇಲೆ ಸುಪ್ರೀಂ ಕೋರ್ಟ್ ಕೂತಿತು. ಕೋರ್ಟ್ ತಡೆ ಕೊಡಲಿಲ್ಲ, ಪ್ರಮಾಣವಚನ ನಡೆಯಿತು, ವಿಶ್ವಾಸಮತಕ್ಕೆ ಮೊದಲೇ ಮೂರನೇ ದಿನ ಅವರು ರಾಜೀನಾಮೆ ಕೊಟ್ಟರು. ಬಹುಮತ ಇದೆಯೇ ಎಂದು ನೋಡಲು ನಮಗೆ ಸದನವಿದೆ. ಕೆನ್ಯಾದಲ್ಲಿ ಅಧ್ಯಕ್ಷರನ್ನು ಜನರೇ ನೇರವಾಗಿ ಆರಿಸುತ್ತಾರೆ, ಒಮ್ಮೆ ಕೂತರೆ ಐದು ವರ್ಷ. ಆದ್ದರಿಂದ ಕೂರಿಸುವ ಮೊದಲೇ ತಕರಾರು ತೀರಬೇಕು ಎಂದು ಅವರು ಮಾಡಿಕೊಂಡಿದ್ದಾರೆ. ಇದು ಅವರ ಅನುಭವಕ್ಕೆ ಸರಿಯಾದ ದಾರಿ ಎಂದೇ ನನ್ನ ನಂಬಿಕೆ.

ಬರೆದಿಟ್ಟ ಮೇಲೆ ಅದು ನಡೆಯಿತೇ? ನಡೆಯಿತು, ಆದರೆ ಸಲೀಸಾಗಿ ಅಲ್ಲ.

2013ರಲ್ಲಿ ಉಹುರು ಕೆನ್ಯಾಟ ಗೆದ್ದರು. ಒಡಿಂಗಾ ಈ ಸಲ ಕೋರ್ಟಿಗೆ ಹೋದರು, ಸೋತರು, ಬೇಸರದಿಂದಲೇ ಒಪ್ಪಿಕೊಂಡರು. ಏಪ್ರಿಲ್ 9ರ ಮಂಗಳವಾರ ನೈರೋಬಿಯ ಕಸರಾನಿ ಸ್ಟೇಡಿಯಂನಲ್ಲಿ ಪ್ರಮಾಣವಚನ.

2017ರಲ್ಲಿ ಆದದ್ದು ದೊಡ್ಡದು. ಆಗಸ್ಟ್ 8ರ ಚುನಾವಣೆಯಲ್ಲಿ ಕೆನ್ಯಾಟ ಮತ್ತೆ ಗೆದ್ದರು ಎಂದು ಘೋಷಣೆಯಾಯಿತು. ಒಡಿಂಗಾ ಮತ್ತೆ ಅರ್ಜಿ ಹಾಕಿದರು. ಸೆಪ್ಟೆಂಬರ್ 1ರಂದು ಮುಖ್ಯ ನ್ಯಾಯಮೂರ್ತಿ ಡೇವಿಡ್ ಮರಾಗ ಅವರಿದ್ದ ಪೀಠ 4–2ರಲ್ಲಿ ಆ ಚುನಾವಣೆಯನ್ನೇ ರದ್ದು ಮಾಡಿತು. ಅಧಿಕಾರದಲ್ಲಿರುವ ಅಧ್ಯಕ್ಷರ ಗೆಲುವನ್ನು ಕೋರ್ಟ್ ಅಳಿಸಿಹಾಕಿದ್ದು ಆಫ್ರಿಕಾದಲ್ಲಿ ಅದೇ ಮೊದಲು. 14 ದಿನದ ಕಾಯುವಿಕೆ ಇಲ್ಲದಿದ್ದರೆ ಆ ತೀರ್ಪು ಬರುವ ಹೊತ್ತಿಗೆ ಕೆನ್ಯಾಟ ಪ್ರಮಾಣವಚನ ಮುಗಿಸಿರುತ್ತಿದ್ದರು. ಆಗ ಅಷ್ಟು ಧೈರ್ಯದ ತೀರ್ಪು ಬರೆಯುವುದು ಯಾವ ಪೀಠಕ್ಕೂ ಸುಲಭವಿರುತ್ತಿರಲಿಲ್ಲ. ಅಕ್ಟೋಬರ್ 26ಕ್ಕೆ ಮರು ಚುನಾವಣೆ. ಆಯೋಗ ಸರಿಹೋಗಿಲ್ಲ ಎಂದು ಒಡಿಂಗಾ ಅದರಿಂದ ಹೊರಗುಳಿದರು. ಕೆನ್ಯಾಟ ಗೆದ್ದರು. ಮತ್ತೆ ಅರ್ಜಿ, ನವೆಂಬರ್ 20ಕ್ಕೆ ತೀರ್ಪು, ನವೆಂಬರ್ 28ರ ಮಂಗಳವಾರ ಪ್ರಮಾಣವಚನ. ಅದೇ ದಿನ ನೈರೋಬಿಯ ಇನ್ನೊಂದು ಭಾಗದಲ್ಲಿ ಪೊಲೀಸರು ವಿರೋಧ ಪಕ್ಷದವರ ಸಭೆ ಚದುರಿಸುತ್ತಿದ್ದರು.

ಆಮೇಲೆ ನಡೆದದ್ದನ್ನು ಬೇರೆಲ್ಲೂ ನಾನು ಕಂಡಿಲ್ಲ. 2018ರ ಜನವರಿ 30ರಂದು ಒಡಿಂಗಾ ಉಹುರು ಪಾರ್ಕ್‌ಗೆ ಬಂದು, ಸಾವಿರಾರು ಜನರ ಮುಂದೆ ಬೈಬಲ್ ಎತ್ತಿ ಹಿಡಿದು, ತಾನು 'ಜನರ ಅಧ್ಯಕ್ಷ' ಎಂದು ಪ್ರಮಾಣ ಮಾಡಿದರು. ಇದು ದೇಶದ್ರೋಹವಾಗುತ್ತದೆ ಎಂದು ಅಟಾರ್ನಿ ಜನರಲ್ ಮೊದಲೇ ಎಚ್ಚರಿಸಿದ್ದರು. ಆ ಅಪರಾಧಕ್ಕೆ ಅಲ್ಲಿ ಮರಣದಂಡನೆ ಇದೆ. ಮುಖ್ಯ ಟಿವಿ ವಾಹಿನಿಗಳನ್ನು ಸರ್ಕಾರ ದಿನಗಟ್ಟಲೆ ಬಂದ್ ಮಾಡಿಸಿತು. ಮುಖ್ಯ ನ್ಯಾಯಮೂರ್ತಿ ಇಲ್ಲ, ಕಾನೂನು ಇಲ್ಲ, ಮಂಗಳವಾರ ಮಾತ್ರ ಇತ್ತು. ಹೌದು, ಅದೂ ಮಂಗಳವಾರವೇ ಆಗಿತ್ತು. ನಾನು ಅದನ್ನು ಬರೀ ನಾಟಕ ಎಂದು ತಳ್ಳಿಹಾಕುವುದಿಲ್ಲ. ಅಲ್ಲಿ ಸೇರಿದ್ದ ಜನಕ್ಕೆ ತಮ್ಮ ಮತ ಎಲ್ಲಿಗೂ ಸೇರಲಿಲ್ಲ ಎಂಬ ನೋವಿತ್ತು. ಸ್ವಾಹಿಲಿಯಲ್ಲಿ ಪ್ರಮಾಣಕ್ಕೆ ಕಿಯಾಪೊ ಎನ್ನುತ್ತಾರೆ. ಆ ಮಾತಿಗೆ ಅಲ್ಲಿ ಎಷ್ಟು ತೂಕವಿದೆ ಎಂದರೆ, ಸೋತವರ ಕಡೆಯವರಿಗೂ ಅದೇ ಬೇಕಾಯಿತು. ಅದೇ ವರ್ಷ ಮಾರ್ಚ್ 9ರಂದು ಕೆನ್ಯಾಟ, ಒಡಿಂಗಾ ಇಬ್ಬರೂ ಕೈ ಕುಲುಕಿ ರಾಜಿಯಾದರು.

2022ರದ್ದು ತೀರಾ ಹತ್ತಿರದ ಪೈಪೋಟಿ. ವಿಲಿಯಂ ರೂಟೊ 71.76 ಲಕ್ಷ ಮತ, ಒಡಿಂಗಾ 69.43 ಲಕ್ಷ. ಆಯೋಗದ ಏಳು ಸದಸ್ಯರಲ್ಲಿ ನಾಲ್ವರು ಫಲಿತಾಂಶ ತಮಗೆ ಒಪ್ಪಿಗೆಯಿಲ್ಲ ಎಂದುಬಿಟ್ಟರು. 2007ರ ಹಾಗೇ ಆಗುತ್ತದೇನೋ ಎಂದು ಹೊರಗಿನವರೆಲ್ಲ ಉಸಿರು ಬಿಗಿಹಿಡಿದಿದ್ದರು. ಆದರೆ ಈ ಸಲ 46 ಸಾವಿರಕ್ಕೂ ಹೆಚ್ಚು ಮತಗಟ್ಟೆಗಳ ಲೆಕ್ಕದ ಹಾಳೆಗಳನ್ನು ಆಯೋಗ ತನ್ನ ಜಾಲತಾಣದಲ್ಲಿ ಹಾಕಿತ್ತು. ಯಾರು ಬೇಕಾದರೂ ಕೂಡಿಸಿ ನೋಡಬಹುದಿತ್ತು. ಸೆಪ್ಟೆಂಬರ್ 5ರಂದು ಸುಪ್ರೀಂ ಕೋರ್ಟಿನ ಏಳೂ ನ್ಯಾಯಮೂರ್ತಿಗಳು ಒಮ್ಮತದಿಂದ ಅರ್ಜಿಗಳನ್ನು ವಜಾ ಮಾಡಿದರು. ಸೆಪ್ಟೆಂಬರ್ 13, ಮಂಗಳವಾರ, ಕಸರಾನಿ.

ಆ ದಿನದ ಕ್ರಮವನ್ನು ಸ್ವಲ್ಪ ಹೇಳುತ್ತೇನೆ, ನಿಮ್ಮ ಮಗನೂ ಟಿವಿಯಲ್ಲಿ ನೋಡಬಹುದು. ನಸುಕಿನಲ್ಲೇ ಜನ ಸಾಲು ಹಚ್ಚುತ್ತಾರೆ. ಕಸರಾನಿಯಲ್ಲಿ 60 ಸಾವಿರ ಜನ ಕೂರಬಹುದು, ಬರುವವರು ಅದಕ್ಕಿಂತ ಜಾಸ್ತಿ. 2022ರಲ್ಲಿ ಗೇಟಿನ ಹತ್ತಿರ ನೂಕುನುಗ್ಗಲಾಗಿ ಹಲವರಿಗೆ ಪೆಟ್ಟಾಯಿತು. ಒಳಗೆ ಮೊದಲು ಇಳಿಯುವ ಅಧ್ಯಕ್ಷರಿಗೆ ಸೇನೆಯ ಕೊನೆಯ ಗೌರವ. ಆಮೇಲೆ ಪ್ರಾರ್ಥನೆ, ಕ್ರೈಸ್ತರದ್ದೂ ಉಂಟು, ಮುಸ್ಲಿಮರದ್ದೂ ಉಂಟು. ಪ್ರಮಾಣ ಬೋಧಿಸಿದವರು ನ್ಯಾಯಾಂಗದ ಮುಖ್ಯ ರಿಜಿಸ್ಟ್ರಾರ್, ಎದುರಿಗೆ ನಿಂತಿದ್ದವರು ಮುಖ್ಯ ನ್ಯಾಯಮೂರ್ತಿ ಮಾರ್ತಾ ಕೂಮೆ. ಪ್ರಮಾಣ ಎರಡು. ಒಂದು ದೇಶಕ್ಕೆ, ಸಂವಿಧಾನಕ್ಕೆ ನಿಷ್ಠೆಯದು. ಇನ್ನೊಂದು ಕೆಲಸ ನೆಟ್ಟಗೆ ಮಾಡುತ್ತೇನೆ ಎನ್ನುವುದು. ಎರಡನೆಯದರಲ್ಲಿ ಭಯವಿಲ್ಲದೆ, ಪಕ್ಷಪಾತವಿಲ್ಲದೆ, ರಾಗದ್ವೇಷವಿಲ್ಲದೆ ಎಲ್ಲರಿಗೂ ನ್ಯಾಯ ಮಾಡುತ್ತೇನೆ ಎಂಬ ಮಾತಿದೆ. ನಮ್ಮ ಮಂತ್ರಿಗಳು ಪ್ರಮಾಣ ಮಾಡುವಾಗ ನೀವು ಕೇಳಿದ್ದೂ ಇದನ್ನೇ. ಎರಡೂ ದೇಶಗಳ ಸಂವಿಧಾನದಲ್ಲಿ ಈ ಸಾಲು ಇರುವುದು ಮೂರನೇ ಅನುಸೂಚಿಯಲ್ಲಿ. ಬ್ರಿಟಿಷರ ಕಾಲದ ಒಂದೇ ಬೇರಿನಿಂದ ಬಂದ ಮಾತು.

ಪ್ರಮಾಣಪತ್ರಕ್ಕೆ ಸಹಿ ಆದ ಮೇಲೆ ಹಳೆಯ ಅಧ್ಯಕ್ಷರು ಹೊಸಬರಿಗೆ ಒಂದು ಖಡ್ಗ, ಸಂವಿಧಾನದ ಒಂದು ಪ್ರತಿ ಒಪ್ಪಿಸುತ್ತಾರೆ. ಅಧ್ಯಕ್ಷರ ಬಾವುಟವೂ ಬದಲಾಗುತ್ತದೆ. ಅಲ್ಲಿ ಒಬ್ಬೊಬ್ಬ ಅಧ್ಯಕ್ಷರಿಗೂ ತಮ್ಮದೇ ಬಾವುಟ. ರೂಟೊ ಅವರದರಲ್ಲಿ ಅವರ ಪಕ್ಷದ ಗುರುತಾದ ಒಂಟಿ ಚಕ್ರದ ಕೈಗಾಡಿ ಇದೆ. 21 ಕುಶಾಲತೋಪು ಹಾರುತ್ತವೆ.

ಆ ಖಡ್ಗ ಕೊಟ್ಟ ಗಳಿಗೆಯನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಕೊಟ್ಟವರು ಕೆನ್ಯಾಟ, ಪಡೆದವರು ರೂಟೊ. ಸುಮಾರು ಹತ್ತು ವರ್ಷ ಕೆನ್ಯಾಟ ಅವರಿಗೆ ಉಪಾಧ್ಯಕ್ಷರಾಗಿದ್ದವರು ಇದೇ ರೂಟೊ. ನಡುವೆ ಸಂಬಂಧ ಹಳಸಿ, ಕೆನ್ಯಾಟ ಚುನಾವಣೆಯಲ್ಲಿ ಬೆಂಬಲಿಸಿದ್ದು ಹಳೆಯ ಎದುರಾಳಿ ಒಡಿಂಗಾ ಅವರನ್ನು. ತಮಗೆ ಬೇಡವಾದವರಿಗೆ, ಜನರ ಮುಂದೆ, ನಿಂತುಕೊಂಡು ಅಧಿಕಾರ ಕೊಡಬೇಕಾಯಿತು. ಕೊಟ್ಟರು. 2002ರಲ್ಲಿ ಮೊಯ್ ಕೂತಿದ್ದ ಹಾಗೆಯೇ.

ಇನ್ನು ನಿಮ್ಮ ಇನ್ನೊಂದು ಪ್ರಶ್ನೆ, ನಡುವಿನ ವಾರಗಳಲ್ಲಿ ದೇಶ ಯಾರ ಕೈಯಲ್ಲಿ? ಹಳೆಯ ಅಧ್ಯಕ್ಷರ ಕೈಯಲ್ಲೇ. ಆದರೆ ಕೈ ಅರ್ಧ ಕಟ್ಟಿರುತ್ತದೆ. 134ನೇ ವಿಧಿಯ ಪ್ರಕಾರ, ಮತದಾನದ ದಿನದಿಂದ ಹೊಸಬರು ಅಧಿಕಾರ ವಹಿಸುವ ತನಕ ಅವರು ನ್ಯಾಯಾಧೀಶರನ್ನು ನೇಮಿಸುವಂತಿಲ್ಲ, ಮಂತ್ರಿಗಳನ್ನು ನೇಮಿಸುವಂತಿಲ್ಲ, ಅಪರಾಧಿಗಳಿಗೆ ಕ್ಷಮೆ ಕೊಡುವಂತಿಲ್ಲ, ಗೌರವ ಬಿರುದು ಹಂಚುವಂತಿಲ್ಲ. ದಿನನಿತ್ಯದ ಆಡಳಿತ, ಭದ್ರತೆ ನಡೆಯುತ್ತಿರುತ್ತದೆ. ಗೆದ್ದವರೇನಾದರೂ ಪ್ರಮಾಣವಚನಕ್ಕೆ ಮೊದಲು ತೀರಿಕೊಂಡರೆ, ಜೊತೆಗೆ ಗೆದ್ದ ಉಪಾಧ್ಯಕ್ಷರು ಹಂಗಾಮಿಯಾಗಿ ಪ್ರಮಾಣ ತೆಗೆದುಕೊಂಡು 60 ದಿನದಲ್ಲಿ ಮತ್ತೆ ಚುನಾವಣೆ ಆಗಬೇಕು. ಅದನ್ನೂ ಬರೆದಿದ್ದಾರೆ.

ಪ್ರಮಾಣ ಆದ ಕ್ಷಣಕ್ಕೆ ಅಧಿಕಾರ ಹೇಗೆ ದಾಟುತ್ತದೆ ಎಂಬುದಕ್ಕೆ 2022ರ ಆ ಮಧ್ಯಾಹ್ನವೇ ಸಾಕ್ಷಿ. ಆರು ನ್ಯಾಯಾಧೀಶರ ನೇಮಕವನ್ನು ಕೆನ್ಯಾಟ ವರ್ಷಗಳಿಂದ ತಡೆದಿಟ್ಟಿದ್ದರು. ರೂಟೊ ತಮ್ಮ ಮೊದಲ ಭಾಷಣದಲ್ಲೇ ಅವರನ್ನು ನೇಮಿಸುವುದಾಗಿ ಹೇಳಿದರು. ಮಾರನೇ ದಿನ ಅವರ ಪ್ರಮಾಣವಚನವೂ ಆಯಿತು. 50 ಕಿಲೋ ಗೊಬ್ಬರದ ಚೀಲ 6,500 ಶಿಲ್ಲಿಂಗ್ ಇದ್ದದ್ದನ್ನು 3,500ಕ್ಕೆ ಕೊಡುವುದಾಗಿ ಅಲ್ಲೇ ಘೋಷಿಸಿದರು. ಮಳೆ ಕಾಯುತ್ತಿದ್ದ ರೈತನಿಗೆ ಇಡೀ ಸಮಾರಂಭದಲ್ಲಿ ಮನೆಗೆ ಒಯ್ಯುವ ಮಾತು ಅದೊಂದೇ ಇದ್ದಿರಬೇಕು.

ಒಡಿಂಗಾ ಅಂದು ಕಸರಾನಿಗೆ ಬರಲಿಲ್ಲ. ಐದು ಸಲ ಅಧ್ಯಕ್ಷ ಸ್ಥಾನಕ್ಕೆ ನಿಂತು, ಒಮ್ಮೆಯೂ ಆ ಎರಡು ಪ್ರಮಾಣಗಳನ್ನು ಕಾನೂನಿನ ಪ್ರಕಾರ ಓದುವ ಅವಕಾಶ ಅವರಿಗೆ ಸಿಗಲಿಲ್ಲ. 2025ರ ಅಕ್ಟೋಬರ್ 15ರಂದು ಅವರು ತೀರಿಕೊಂಡದ್ದು ನಮ್ಮ ಪಕ್ಕದ ಕೇರಳದಲ್ಲಿ, ಕೂತಾಟ್ಟುಕುಳಂನಲ್ಲಿ. ಆಯುರ್ವೇದ ಚಿಕಿತ್ಸೆಗೆ ಬಂದಿದ್ದರು. ಮಾರನೇ ದಿನ ದೇಹವನ್ನು ನೈರೋಬಿಗೆ ಒಯ್ದಾಗ ಜನರ ದರ್ಶನಕ್ಕೆ ಇಟ್ಟದ್ದು ಅದೇ ಕಸರಾನಿ ಸ್ಟೇಡಿಯಂನಲ್ಲಿ. ನೂಕುನುಗ್ಗಲು ಎದ್ದು, ಪೊಲೀಸರು ಗುಂಡು ಹಾರಿಸಿ, ಅಲ್ಲೂ ಪ್ರಾಣಹಾನಿಯಾಯಿತು. ಅವರ ಎದುರಾಳಿಗಳು ಮೂರು ಸಲ ಪ್ರಮಾಣವಚನ ತೆಗೆದುಕೊಂಡ ಅಂಗಳ ಅದು. ಆ ಸುದ್ದಿ ಓದಿದ ದಿನ ನನಗೆ ಬೇರೆ ಕೆಲಸ ಮಾಡಲಾಗಲಿಲ್ಲ.

ಈಗ 2027ರ ಲೆಕ್ಕಕ್ಕೆ ಬರೋಣ, ನಿಮಗೆ ಬೇಕಾದದ್ದು ಅದೇ ಅಲ್ವಾ. ಮತದಾನ ಆಗಸ್ಟ್ 10, ಮಂಗಳವಾರ. 7 ದಿನದೊಳಗೆ ಫಲಿತಾಂಶ ಹೇಳಬೇಕು. ಆಗಸ್ಟ್ 14ರ ಶನಿವಾರ ಹೇಳಿದರು ಎಂದುಕೊಳ್ಳಿ. ಯಾರೂ ಕೋರ್ಟಿಗೆ ಹೋಗದಿದ್ದರೆ 14ನೇ ದಿನ ಆಗಸ್ಟ್ 28, ಪ್ರಮಾಣವಚನ ಆಗಸ್ಟ್ 31. ಕೋರ್ಟಿಗೆ ಹೋದರೆ, ಇದುವರೆಗೆ ಈ ಸಂವಿಧಾನದ ಕೆಳಗೆ ಪ್ರತಿ ಸಲವೂ ಹೋಗಿದ್ದಾರೆ, ಅರ್ಜಿಗೆ ಆಗಸ್ಟ್ 21ರ ತನಕ ಸಮಯ, ತೀರ್ಪಿಗೆ ಸೆಪ್ಟೆಂಬರ್ 4ರ ತನಕ. ಆಗ ಪ್ರಮಾಣವಚನ ಸೆಪ್ಟೆಂಬರ್ 14. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ, ಅಥವಾ 47 ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥವು) ಕನಿಷ್ಠ 24ರಲ್ಲಿ ಕಾಲು ಭಾಗ ಮತ ಸಿಗದಿದ್ದರೆ, 30 ದಿನದೊಳಗೆ ಎರಡನೇ ಸುತ್ತು. ಅದು ಕೆನ್ಯಾದಲ್ಲಿ ಇದುವರೆಗೆ ಆಗಿಲ್ಲ. ಕೋರ್ಟ್ ಚುನಾವಣೆಯನ್ನೇ ರದ್ದು ಮಾಡಿದರೆ 60 ದಿನದಲ್ಲಿ ಮತ್ತೆ ಮತದಾನ.

ಗಲಾಟೆಯ ವಿಷಯದಲ್ಲಿ ಸುಮ್ನೆ ಸಮಾಧಾನ ಹೇಳಲಾರೆ. ಎಚ್ಚರ ಬೇಕಾದ ದಿನಗಳು ಮೂರು: ಫಲಿತಾಂಶ ಹೇಳುವ ದಿನ, ಕೋರ್ಟ್ ತೀರ್ಪಿನ ದಿನ, ಪ್ರಮಾಣವಚನದ ದಿನ. ಮೊದಲನೆಯದು ಹೆಚ್ಚು ಸೂಕ್ಷ್ಮ. ಅದರ ಹಿಂದುಮುಂದಿನ ನಾಲ್ಕೈದು ದಿನ ಮನೆಯಲ್ಲಿ ದಿನಸಿ, ನೀರು, ಫೋನಿಗೆ ಕರೆನ್ಸಿ, ಕೈಯಲ್ಲಿ ಒಂದಿಷ್ಟು ನಗದು ಇಟ್ಟುಕೊಳ್ಳಲು ಹೇಳಿ. ನೈರೋಬಿಯಲ್ಲಿರುವ ಭಾರತದ ಹೈಕಮಿಷನ್‌ನಲ್ಲಿ ತನ್ನ ಹೆಸರು, ವಿಳಾಸ ಈಗಲೇ ನೋಂದಾಯಿಸಲಿ. ಮೆರವಣಿಗೆ ಖುಷಿಯದ್ದಾದರೂ ಸರಿ, ಹತ್ತಿರ ಹೋಗುವುದು ಬೇಡ. ಪ್ರಮಾಣವಚನದ ದಿನ ಸಾಮಾನ್ಯವಾಗಿ ರಜೆ ಕೊಡುತ್ತಾರೆ. ಸಮಾರಂಭ ಕಸರಾನಿಯಲ್ಲಾದರೆ ಆ ಕಡೆಯ ಥೀಕಾ ರಸ್ತೆ ಬೆಳಗಿನಿಂದಲೇ ಕಟ್ಟಿಹೋಗಿರುತ್ತದೆ, ಮತಾತು ಎನ್ನುವ ಅಲ್ಲಿನ ಖಾಸಗಿ ಬಸ್ಸುಗಳೂ ಸಿಗುವುದು ಕಷ್ಟ. ಆವತ್ತು ಮನೆಯಲ್ಲೇ ಇದ್ದು ಟಿವಿಯಲ್ಲಿ ನೋಡಲಿ, 10 ಗಂಟೆಗೆ ಶುರು.